ಹನ್ನೊಂದು ನಿಮಿಷದ ವರ್ಷ

(ಧಾರವಾಡದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ)

ಮೊದಲು ಒಂದು ಕೆಲಸ ಮಾಡಿ. ಮೊಬೈಲ್ ತೆಗೆದು ಈಗ ಗಂಟೆ ಎಷ್ಟು ಅಂತ ನೋಡಿಕೊಂಡು ಮತ್ತೆ ಜೇಬಿಗೆ ಹಾಕಿ. ಇನ್ನು 685 ಸೆಕೆಂಡು, ಅಂದರೆ 11 ನಿಮಿಷದ ಮೇಲೆ ಸ್ವಲ್ಪ, ಕಳೆಯುವಷ್ಟರಲ್ಲಿ ಧನು ರಾಶಿಯ ದಿಕ್ಕಿನಲ್ಲಿರುವ ಎರಡು ನಕ್ಷತ್ರಗಳು ಒಂದನ್ನೊಂದು ಪೂರ್ತಿ ಒಂದು ಸುತ್ತು ಹಾಕಿರುತ್ತವೆ. ಭೂಮಿ ಸೂರ್ಯನನ್ನು ಒಂದು ಸಾರಿ ಸುತ್ತಿದರೆ ನಮಗೆ ಒಂದು ವರ್ಷ ಅಲ್ವಾ? ಆ ಜೋಡಿಗೆ ಅದೇ ವರ್ಷ 11 ನಿಮಿಷದಲ್ಲಿ ಮುಗಿಯುತ್ತದೆ. ಹೆಸರು 4ಯು 1820-30. ಹೆಸರಲ್ಲ, ಗಾಡಿ ನಂಬರ್ ಇದ್ದಂಗಿದೆ. ನಮ್ಮ ಕ್ಷೇತ್ರದಲ್ಲಿ ಹೆಸರಿಡುವುದರಲ್ಲಿ ಜಿಪುಣತನ ಜಾಸ್ತಿ.

ಈ ಜೋಡಿಯಲ್ಲಿ ಒಂದು ನ್ಯೂಟ್ರಾನ್ ನಕ್ಷತ್ರ. ಅದರ ಅಗಲ ಎಷ್ಟಿರಬಹುದು? ಇಲ್ಲಿ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯಲ್ಲಿ ಇಳಿದರೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ, 20 ಚಿಲ್ಲರೆ ಕಿಲೋಮೀಟರ್. ನವಲೂರು, ರಾಯಾಪುರ, ಉಣಕಲ್ ಎಲ್ಲ ಅದರೊಳಗೆ. ಅಷ್ಟು ಜಾಗದಲ್ಲಿ ತುರುಕಿರುವ ತೂಕ ಮಾತ್ರ ಸೂರ್ಯನಿಗಿಂತ ಜಾಸ್ತಿ. ಇನ್ನೊಂದು ಶ್ವೇತ ಕುಬ್ಜ, ಅಂದರೆ ಉರಿದು ಮುಗಿದ ನಕ್ಷತ್ರದ ತಿರುಳು. ಅದರ ತೂಕ ಸೂರ್ಯನ ಹತ್ತರಲ್ಲಿ ಒಂದು ಪಾಲೂ ಇಲ್ಲ. ಎರಡರ ನಡುವಿನ ಅಂತರ ಸುಮಾರು 1.3 ಲಕ್ಷ ಕಿ.ಮೀ. ಇಲ್ಲಿಂದ ಚಂದ್ರನಿಗೆ 3.84 ಲಕ್ಷ ಕಿ.ಮೀ. ಇದೆ. ಅಂದರೆ ನಮಗೂ ಚಂದ್ರನಿಗೂ ಇರುವ ಅಂತರದ ಮೂರರಲ್ಲಿ ಒಂದು ಭಾಗದಲ್ಲಿ ಎರಡು ನಕ್ಷತ್ರಗಳ ಸಂಸಾರ ನಡೆದಿದೆ. ಸೂರ್ಯನ ಹೊಟ್ಟೆಯೊಳಗೆ ಇಡೀ ಜೋಡಿಯನ್ನು ಇಟ್ಟು ತಿರುಗಲು ಬಿಟ್ಟರೂ ಇನ್ನೂ ಜಾಗ ಉಳಿಯುತ್ತದೆ.

ಇದು ಇರುವುದು ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ. ಇವನ್ನು ಎರಡು ಚುಕ್ಕೆಗಳಾಗಿ ಬಿಡಿಸಿ ತೋರಿಸುವ ದೂರದರ್ಶಕ ಯಾರ ಹತ್ತಿರವೂ ಇಲ್ಲ. ಹಾಗಿದ್ದರೂ ನಾನು ಬಂದು ನಿಮ್ಮ ಮುಂದೆ ಧೈರ್ಯವಾಗಿ ಹೇಳುತ್ತಿದ್ದೇನೆ, ಆ ಶ್ವೇತ ಕುಬ್ಜ ಹೀಲಿಯಂನಿಂದ ಆಗಿದ್ದು ಅಂತ. ಯಾವ ಭರವಸೆಯ ಮೇಲೆ? ಇವತ್ತಿನ ಮಾತು ಅಷ್ಟರ ಬಗ್ಗೆಯೇ.

ನಾನು ಗದಗಿನವನು. ನಮ್ಮಪ್ಪ ಪತ್ತಾರಿಕೆ ಮಾಡುತ್ತಿದ್ದವರು. ಯಾರಾದರೂ ಹಳೆ ಬಂಗಾರ ತಂದರೆ ಅಪ್ಪ ಅದನ್ನು ಕರಗಿಸಿ ನೋಡುತ್ತಿರಲಿಲ್ಲ. ಒರೆಗಲ್ಲು ತೆಗೆದು ಒಂದು ಸಾರಿ ತಿಕ್ಕುತ್ತಿದ್ದರು. ಕರಿ ಕಲ್ಲಿನ ಮೇಲೆ ಒಂದು ಹಳದಿ ಗೆರೆ. ಅದರ ಪಕ್ಕಕ್ಕೆ ಗುಣ ಗೊತ್ತಿರುವ ಬಂಗಾರದ್ದೊಂದು ಗೆರೆ. ಎರಡರ ಮೇಲೂ ಒಂದೊಂದು ಹನಿ ಆಸಿಡ್. ತಾಮ್ರ ಜಾಸ್ತಿ ಇದ್ದ ಗೆರೆ ಕಣ್ಣ ಮುಂದೆಯೇ ಮಾಯವಾಗುತ್ತಿತ್ತು. ಬಂದವರ ಮುಖ ಸಪ್ಪಗಾಗುತ್ತಿತ್ತು. ನಾನು ಮೂಲೆಯಲ್ಲಿ ಅಗ್ಗಿಷ್ಟಿಕೆಗೆ ಇದ್ದಿಲು ಹಾಕುತ್ತಾ ಇದನ್ನೆಲ್ಲ ನೋಡುತ್ತಿದ್ದೆ. ಬಳೆಯಲ್ಲಿ ಏನಿದೆ ಅಂತ ಹೇಳುವುದಕ್ಕೆ ಬಳೆ ಮುರಿಯಬೇಕಿಲ್ಲ, ಒಂದು ಗೆರೆ ಸಾಕು. ಉಳಿದ ಗೆರೆಯಷ್ಟೇ ಅಲ್ಲ, ಅಳಿಸಿಹೋದ ಗೆರೆಯೂ ಏನೋ ಹೇಳುತ್ತದೆ.

ನಕ್ಷತ್ರದಲ್ಲೂ ನಾವು ಮಾಡೋದು ಇಷ್ಟೇ. ಮನೆಯಲ್ಲಿ ಹಳೆ ಸಿಡಿ ಬಿದ್ದಿದ್ದರೆ ಇವತ್ತು ರಾತ್ರಿ ಹುಡುಕಿ ತೆಗೆಯಿರಿ. ಎಲ್‌ಇಡಿ ಬಲ್ಬಿನ ಬೆಳಕನ್ನು ಅದರ ಮೇಲೆ ಬೀಳಿಸಿ ನೋಡಿದರೆ ಬಣ್ಣಗಳು ಒಂದರೊಳಗೊಂದು ಕರಗಿ ಹರಡುತ್ತವೆ. ಸಿಎಫ್‌ಎಲ್ ಬಲ್ಬ್ ಇನ್ನೂ ಉಳಿದಿದ್ದರೆ ಅದರ ಬೆಳಕನ್ನೂ ನೋಡಿ. ಬಣ್ಣಗಳು ಬಿಡಿಬಿಡಿಯಾಗಿ, ನಡುವೆ ಕತ್ತಲು ಬಿಟ್ಟು ಕಾಣುತ್ತವೆ. ಒಳಗಿರುವ ಪಾದರಸ ಮತ್ತು ಹಚ್ಚಿದ ಪುಡಿಯ ಗುರುತು ಅದು. ಹೀಗೆ ಬಿಡಿಸಿದ ಬೆಳಕಿಗೆ ಪಠ್ಯಪುಸ್ತಕದಲ್ಲಿ ರೋಹಿತ ಅಂತಾರೆ. ಪ್ರತಿ ಧಾತುವಿಗೂ ತನ್ನದೇ ಗೆರೆಗಳಿರುತ್ತವೆ. ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ಈ ಗೆರೆಗಳ ಕತೆಯಲ್ಲಿ ನಮ್ಮ ಸೀಮೆಗೂ ಒಂದು ಪಾಲಿದೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ ಆಯಿತು. ಅದರ ನೆರಳು ಈಗಿನ ಉತ್ತರ ಕರ್ನಾಟಕ ದಾಟಿ ಗುಂಟೂರಿನ ಕಡೆ ಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ಕೂತಿದ್ದರು. ಅದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ಅದೇ ಬೆಳಿಗ್ಗೆ ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕ ಹೂಡಿಕೊಂಡು ಕಾಯುತ್ತಿದ್ದರು. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ. ಆಗಸ್ಟ್ ತಿಂಗಳು ಬೇರೆ. ಮೋಡ ಬಂದು ಆಟ ಆಡಿಸಿತು. ಮೋಡ ಸರಿದ ಗಳಿಗೆಯಲ್ಲಿ ಸೂರ್ಯನ ಅಂಚಿನ ಜ್ವಾಲೆಯಲ್ಲಿ ಅವರಿಗೆ ಮೂರು ಗೆರೆ ಕಂಡವು: ಕೆಂಪು, ಕಿತ್ತಳೆ, ನೀಲಿ. ಆ ನಡುವಿನ ಗೆರೆ ಸೋಡಿಯಂನದು ಅಂತ ಆಗ ನೋಡಿದ ಹಲವರು ಅಂದುಕೊಂಡರು. ನಮ್ಮ ಅಡುಗೆ ಉಪ್ಪಿನ ಸೋಡಿಯಂ. ಆದರೆ ಸರಿಯಾಗಿ ಅಳತೆ ಮಾಡಿದರೆ ಜಾಗ ಕೂಡಿಬರಲಿಲ್ಲ, ಚೂರು ಆಚೆಗಿತ್ತು. ಭೂಮಿಯ ಮೇಲೆ ಯಾರೂ ಕಾಣದ ಧಾತು ಅದು. ಸೂರ್ಯನ ಗ್ರೀಕ್ ಹೆಸರಿನಿಂದ ಅದನ್ನು ಹೀಲಿಯಂ ಎಂದು ಕರೆದರು. ಭೂಮಿಯಲ್ಲಿ ಅದು ಕೈಗೆ ಸಿಕ್ಕಿದ್ದು 1895ರಲ್ಲಿ. ಜಮಖಂಡಿಯಲ್ಲಿ ಕಂಡ ಆ ಹೀಲಿಯಂ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಮತ್ತೆ ನಮ್ಮ ಜೋಡಿಗೆ ಬರೋಣ. ನ್ಯೂಟ್ರಾನ್ ನಕ್ಷತ್ರ ತನ್ನ ಸಂಗಾತಿಯ ಮೈಯಿಂದ ಅನಿಲ ಎಳೆದುಕೊಳ್ಳುತ್ತದೆ. ಆ ಅನಿಲ ನೇರವಾಗಿ ಬೀಳುವುದಿಲ್ಲ. ಸುತ್ತುತ್ತಾ ಸುತ್ತುತ್ತಾ ಒಂದು ತಟ್ಟೆಯಾಗಿ ಹರಡಿ ನಿಧಾನಕ್ಕೆ ಒಳಗೆ ಇಳಿಯುತ್ತದೆ. ಒಳಗೆ ಹೋದಷ್ಟೂ ಬಿಸಿ. ನಡುಭಾಗದಲ್ಲಿ ಶಾಖ ಕೋಟಿ ಡಿಗ್ರಿಯ ಆಸುಪಾಸು. ಅಷ್ಟು ಬಿಸಿಯಾದದ್ದು ಕಣ್ಣಿಗೆ ಕಾಣುವ ಬೆಳಕಿಗಿಂತ ಎಕ್ಸ್-ರೇ ಹೆಚ್ಚು ಹೊಮ್ಮಿಸುತ್ತದೆ. ಜಲಜನಕ ಉರಿದು ಹೀಲಿಯಂ ಆದಾಗ ತೂಕದಲ್ಲಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಶಕ್ತಿಯಾಗುತ್ತದೆ. ನ್ಯೂಟ್ರಾನ್ ನಕ್ಷತ್ರದ ಮೇಲೆ ಸುಮ್ನೆ ಬಿದ್ದರೆ ಸಾಕು, ಅದರ ಹತ್ತಿಪ್ಪತ್ತು ಪಟ್ಟು ಹೊರಬರುತ್ತದೆ. ಉರಿಯುವುದಕ್ಕಿಂತ ಬೀಳುವುದರಲ್ಲೇ ಲಾಭ.

ಆದರೆ ಎಕ್ಸ್-ರೇ ನಮ್ಮ ಗಾಳಿಯನ್ನು ದಾಟಿ ಕೆಳಗೆ ಬರುವುದಿಲ್ಲ. ಬರುತ್ತಿದ್ದರೆ ನಾವ್ಯಾರೂ ಇಲ್ಲಿ ಕೂತಿರುತ್ತಿರಲಿಲ್ಲ ಬಿಡಿ. ಹಾಗಾಗಿ ಮೇಲೆ ಹೋಗಲೇಬೇಕು. 1962ರ ಜೂನ್‌ನಲ್ಲಿ ರಿಕಾರ್ಡೊ ಜಕೋನಿ ಅವರ ತಂಡ ಅಮೆರಿಕದ ನ್ಯೂ ಮೆಕ್ಸಿಕೋದಿಂದ ಒಂದು ಸಣ್ಣ ರಾಕೆಟ್ ಹಾರಿಸಿತು. ಮೇಲೆ ನೋಡಲು ಸಿಕ್ಕಿದ್ದು ಐದಾರು ನಿಮಿಷ, ಅಷ್ಟೇ. ಹುಡುಕಲು ಹೋಗಿದ್ದು ಚಂದ್ರನ ಎಕ್ಸ್-ರೇ. ಸಿಕ್ಕಿದ್ದು ವೃಶ್ಚಿಕ ರಾಶಿಯಲ್ಲಿ ಯಾರೂ ಊಹಿಸದಷ್ಟು ಪ್ರಖರವಾದ ಒಂದು ಮೂಲ. ಅದೂ ಇಂಥದೇ ಜೋಡಿ. ಆ ಐದಾರು ನಿಮಿಷಕ್ಕೆ 2002ರಲ್ಲಿ ನೊಬೆಲ್ ಬಂತು. 1970ರ ಡಿಸೆಂಬರ್ 12ಕ್ಕೆ ಕೀನ್ಯಾದ ಕರಾವಳಿಯಿಂದ ಹಾರಿದ ಉಹುರು ಉಪಗ್ರಹ ಇಡೀ ಆಕಾಶದ ಪಟ್ಟಿ ಮಾಡಿತು. ಅವತ್ತು ಕೀನ್ಯಾದ ಸ್ವಾತಂತ್ರ್ಯ ದಿನ. ಸ್ವಾಹಿಲಿಯಲ್ಲಿ ಉಹುರು ಅಂದರೆ ಸ್ವಾತಂತ್ರ್ಯ. 4ಯು ಅಂತ ಹೇಳಿದೆನಲ್ಲ, ಉಹುರುವಿನ ನಾಲ್ಕನೇ ಪಟ್ಟಿ ಅಂತ ಅರ್ಥ. ನಮ್ಮ ಮೊದಲ ಉಪಗ್ರಹ ಆರ್ಯಭಟ, ಉಡುಪಿಯ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಕಟ್ಟಿದ್ದು, 1975ರಲ್ಲಿ ಹಾರಿದಾಗ ಅದರಲ್ಲೂ ಒಂದು ಎಕ್ಸ್-ರೇ ಉಪಕರಣ ಇತ್ತು. ಕೆಲವೇ ದಿನಕ್ಕೆ ಪ್ರಯೋಗಗಳ ಕರೆಂಟ್ ಹೋಯಿತು. ಅದು ಬೇರೆ ಮಾತು.

ಎಕ್ಸ್-ರೇಗೆ ದೂರದರ್ಶಕ ಮಾಡುವುದೂ ವಿಚಿತ್ರ ಕೆಲಸ. ಸಾಮಾನ್ಯ ಕನ್ನಡಿಗೆ ನೇರವಾಗಿ ಹೊಡೆದರೆ ಒಳಗೆ ನುಗ್ಗಿ ಹೋಗುತ್ತದೆ, ವಾಪಸ್ ಬರುವುದಿಲ್ಲ. ಕೆಲಗೇರಿ ಕೆರೆಯಲ್ಲಿ ಚಪ್ಪಟೆ ಕಲ್ಲು ಎಸೆದು ಆಡಿದ್ದೀರಲ್ಲ? ಮೇಲಿಂದ ಹಾಕಿದರೆ ಗುಳುಂ ಅಂತ ಮುಳುಗುತ್ತದೆ. ನೀರಿಗೆ ಸವರಿಕೊಂಡು ಹೋಗುವ ಹಾಗೆ ಓರೆಯಾಗಿ ಬೀಸಿದರೆ ಪುಟಿಯುತ್ತದೆ. ಎಕ್ಸ್-ರೇ ಕನ್ನಡಿಯೂ ಹಾಗೇ. ಒಂದರೊಳಗೊಂದು ಕೂರಿಸಿದ ಕೊಳವೆಗಳು. ಕಿರಣ ಅವುಗಳ ಒಳಗೋಡೆಯನ್ನು ಸವರಿಕೊಂಡು ಹೋಗಿ ಒಂದು ಕಡೆ ಸೇರುತ್ತದೆ. ಆ ಒಳಗೋಡೆಗೆ ಏನು ಬಳಿಯುತ್ತಾರೆ ಗೊತ್ತಾ? ಬಹಳಷ್ಟು ಕಡೆ ಬಂಗಾರ.

ಈ ಬಂಗಾರದಿಂದ ನಾನು ಪಟ್ಟ ಪಾಡು ಹೇಳಿಬಿಡುತ್ತೇನೆ. ನಮ್ಮ ದೇಶದ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿತು. ಅದರಲ್ಲಿ ಮೃದು, ಅಂದರೆ ಕಡಿಮೆ ಶಕ್ತಿಯ, ಎಕ್ಸ್-ರೇ ನೋಡುವ ಒಂದು ದೂರದರ್ಶಕ ಇದೆ. ನಾನು ಆಗಷ್ಟೇ ಸಂಶೋಧನೆಗೆ ಸೇರಿದ್ದೆ. ಒಂದು ಜೋಡಿ ನಕ್ಷತ್ರದ ರೋಹಿತ ತೆಗೆದುಕೊಂಡು ಕೂತೆ. ಎಕ್ಸ್-ರೇಯಲ್ಲಿ ಬಣ್ಣ ಅಂತ ಹೇಳುವ ಬದಲು ಕಿಲೋ ಎಲೆಕ್ಟ್ರಾನ್ ವೋಲ್ಟ್, ಚಿಕ್ಕದಾಗಿ ಕೆಇವಿ, ಅಂತ ಶಕ್ತಿಯನ್ನೇ ಹೇಳುತ್ತೇವೆ. 2.2 ಕೆಇವಿ ಹತ್ತಿರ ಒಂದು ಸಣ್ಣ ಉಬ್ಬು ಕಾಣಿಸಿತು. ಲೆಕ್ಕಕ್ಕೆ ಬಗ್ಗಲೇ ಇಲ್ಲ. ಮೂರು ವಾರ ನಿದ್ದೆಗೆಟ್ಟೆ. ಯಾವ ಧಾತು, ಎಷ್ಟು ವೇಗ, ಯಾವ ಕಡೆಗೆ ಅಂತೆಲ್ಲ ಪುಟಗಟ್ಟಲೆ ಬರೆದೆ. ಹೊಸದೇನೋ ಸಿಕ್ಕಿತು ಅಂತ ಮನೆಗೂ ಫೋನ್ ಮಾಡಿ ಹೇಳಿಬಿಟ್ಟೆ. ಆಮೇಲೆ ಗುರುಗಳ ಹತ್ತಿರ ಹೋದೆ. ಅವರು ಏನೂ ಅನ್ನಲಿಲ್ಲ. ಬೇರೆ ನಾಲ್ಕು ನಕ್ಷತ್ರಗಳ ರೋಹಿತ ತೆರೆದು ನೋಡು ಅಂದರು. ನಾಲ್ಕರಲ್ಲೂ ಅದೇ ಉಬ್ಬು, ಅದೇ ಜಾಗದಲ್ಲಿ. ಅದು ನಕ್ಷತ್ರದ್ದಲ್ಲ. ಕನ್ನಡಿಗೆ ಬಳಿದ ಬಂಗಾರದ್ದು. ಬಂಗಾರ ಎಕ್ಸ್-ರೇಯನ್ನು ನುಂಗುವ ಪ್ರಮಾಣ ಆ ಶಕ್ತಿಯ ಹತ್ತಿರ ಥಟ್ಟನೆ ಬದಲಾಗುತ್ತದೆ. ಅದನ್ನು ಲೆಕ್ಕದಲ್ಲಿ ಪೂರ್ತಿ ಕಳೆಯದಿದ್ದರೆ ಉಬ್ಬಾಗಿ ಉಳಿದುಬಿಡುತ್ತದೆ.

ಅಪ್ಪನಿಗೆ ಹೇಳಿದಾಗ ಅವರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. “ಪತ್ತಾರನ ಮಗಾ ಆಗಿ ಬಂಗಾರ ಗುರ್ತ ಹಿಡೀಲಿಲ್ಲೇನೋ ತಮ್ಮಾ? ಮದಲ ಕಲ್ಲ ವರಸ್ಕೋಬೇಕು, ಆಮ್ಯಾಲ ಗೆರಿ ನೋಡಬೇಕು.” ಹಿಂದಿನ ಗಿರಾಕಿಯ ಬಂಗಾರದ ಚೂರು ಕಲ್ಲಿಗೆ ಅಂಟಿದ್ದರೆ ಈಗಿನವರ ಗೆರೆ ಸುಳ್ಳು ಹೇಳುತ್ತದಂತೆ. ನಮ್ಮ ಇಡೀ ಅಳತೆ ಶಾಸ್ತ್ರವನ್ನು ಅವರು ಒಂದೇ ಉಸಿರಿನಲ್ಲಿ ಹೇಳಿ ಮತ್ತೆ ಕೆಲಸಕ್ಕೆ ಕೂತರು.

ಇನ್ನು ಈ ಪುಟಾಣಿ ಜೋಡಿಗಳ ವಿಶೇಷಕ್ಕೆ ಬರುತ್ತೇನೆ. ಜಲಜನಕ ತುಂಬಿದ ಸಾಮಾನ್ಯ ನಕ್ಷತ್ರಕ್ಕೆ ಮೈ ದೊಡ್ಡದು. ಅಂಥದ್ದು ಸಂಗಾತಿಯಾಗಿದ್ದರೆ ಸುಮಾರು 80 ನಿಮಿಷಕ್ಕಿಂತ ಚಿಕ್ಕ ಸುತ್ತು ಹಾಕಲು ಆಗುವುದಿಲ್ಲ, ಜಾಗವೇ ಸಾಲದು. ಆದ್ದರಿಂದ 80 ನಿಮಿಷದೊಳಗೆ ಸುತ್ತುವ ಜೋಡಿ ಸಿಕ್ಕಿತು ಅಂದರೆ ಸಂಗಾತಿ ತನ್ನ ಜಲಜನಕವನ್ನು ಆಗಲೇ ಕಳೆದುಕೊಂಡಿದೆ. ಒಳಗಿನ ತಿರುಳಷ್ಟೇ ಉಳಿದಿದೆ. ತಿರುಳು ಎಂಥದು? ಹೀಲಿಯಂನದ್ದೋ, ಇಂಗಾಲ-ಆಮ್ಲಜನಕದ್ದೋ? ನಕ್ಷತ್ರವೊಂದು ಸಾಯುವ ಮೊದಲು ಎಲ್ಲಿಯವರೆಗೆ ಉರಿಯಿತು ಅಂತ ಇದರಿಂದ ಗೊತ್ತಾಗುತ್ತದೆ. ಅಂಗಳದಲ್ಲಿ ಬಿದ್ದ ಬೂದಿ ನೋಡಿ ಒಲೆಗೆ ಹಾಕಿದ್ದು ಜಾಲಿ ಕಟ್ಟಿಗೆಯೋ ಬೆರಣಿಯೋ ಅಂತ ಹೇಳಿದ ಹಾಗೆ.

4ಯು 1626-67 ಅಂತ ಇನ್ನೊಂದು ಜೋಡಿ ಇದೆ. ಸುತ್ತು 42 ನಿಮಿಷದ್ದು. ಅದರ ನ್ಯೂಟ್ರಾನ್ ನಕ್ಷತ್ರ 7.7 ಸೆಕೆಂಡಿಗೊಮ್ಮೆ ತನ್ನ ಸುತ್ತ ತಾನು ತಿರುಗುತ್ತದೆ. 1999ರಲ್ಲಿ ಹಾರಿದ ಚಂದ್ರಾ ವೀಕ್ಷಣಾಲಯ, ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನದು, ಇದರ ಬೆಳಕನ್ನು ಬಿಡಿಸಿ ನೋಡಿತು. ನಿಯಾನ್ ಮತ್ತು ಆಮ್ಲಜನಕದ ಗೆರೆಗಳು ಜೋರಾಗಿ ಕಂಡವು. ಆದರೆ ಒಂದೊಂದು ಗೆರೆಯೂ ಎರಡಾಗಿ ಸೀಳಿತ್ತು.

ಯಾಕೆ ಎರಡು? ಜಾತ್ರೆಯಲ್ಲಿ ಮಕ್ಕಳು ಕೂತು ಗುಂಡಗೆ ಸುತ್ತುವ ಕುದುರೆ ಆಟ ನೆನಪಿದೆಯಾ? ಒಂದು ಕುದುರೆಯ ಮೇಲೆ ಕೂತ ಹುಡುಗ ಪೀಪಿ ಊದುತ್ತಲೇ ಇದ್ದಾನೆ ಅಂತ ಇಟ್ಟುಕೊಳ್ಳಿ. ಆಟ ಬಹಳ ಜೋರಾಗಿ ತಿರುಗಿದರೆ, ನಿಮ್ಮ ಕಡೆ ಬರುವಾಗ ಪೀಪಿಯ ದನಿ ಚೂರು ಕೀರಲು, ದೂರ ಹೋಗುವಾಗ ಚೂರು ದಪ್ಪ. ಎಲ್ಲ ಕುದುರೆಗಳ ಮೇಲೂ ಒಂದೊಂದು ಪೀಪಿ ಇದ್ದರೆ? ಒಂದೇ ಹೊತ್ತಿಗೆ ಎರಡೂ ದನಿ ಕೇಳುತ್ತವೆ. ಅನಿಲದ ತಟ್ಟೆಯಲ್ಲಿ ಒಂದು ಬದಿ ನಮ್ಮ ಕಡೆ ಓಡಿ ಬರುತ್ತಿದೆ, ಇನ್ನೊಂದು ಬದಿ ಆಚೆ ಓಡುತ್ತಿದೆ. ಆಮ್ಲಜನಕದ ಒಂದೇ ಗೆರೆ ಅದಕ್ಕೇ ಎರಡಾಗಿ ಕಾಣುತ್ತದೆ. ಎರಡರ ನಡುವಿನ ಅಂತರ ಅಳೆದರೆ ವೇಗ ಸಿಗುತ್ತದೆ, ಸೆಕೆಂಡಿಗೆ ಸಾವಿರ ಕಿ.ಮೀ.ಗೂ ಮೇಲೆ. ಯಾರ ಕಣ್ಣಿಗೂ ಬೀಳದ ತಟ್ಟೆ ಗರಗರ ತಿರುಗುತ್ತಿರುವುದು ಹೀಗೆ ಗೊತ್ತಾಗುತ್ತದೆ. ನಾನು ಇಷ್ಟು ವರ್ಷದಲ್ಲಿ ನೋಡಿದ ರೋಹಿತಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಅದೇ ಜೋಡಿಯನ್ನು ಹಬಲ್ ದೂರದರ್ಶಕ ನೇರಳಾತೀತ ಬೆಳಕಿನಲ್ಲಿ ನೋಡಿತು. ಇಂಗಾಲ ಇದೆ, ಆಮ್ಲಜನಕ ಇದೆ. ಹೀಲಿಯಂನ ಗೆರೆ ಇಲ್ಲ. ಇರಬೇಕಾದ ಜಾಗ ಖಾಲಿ. ಆಸಿಡ್ ಹನಿ ಬಿದ್ದ ಮೇಲೆ ಮಾಯವಾದ ಗೆರೆಯ ಹಾಗೆ. ಅಂದರೆ ಈ ಸಂಗಾತಿ ಹೀಲಿಯಂ ಉರಿಸಿದ ಘಟ್ಟವನ್ನೂ ದಾಟಿ ಬಂದದ್ದು.

ಕಬ್ಬಿಣದ ಗೆರೆಯದು ಇನ್ನೊಂದು ತಮಾಷೆ. ಸಾಮಾನ್ಯವಾಗಿ ಇಂಥ ತಟ್ಟೆಗಳಿಂದ 6.4 ಕೆಇವಿ ಹತ್ತಿರ ಕಬ್ಬಿಣದ ಗೆರೆ ಬರುತ್ತದೆ. ಇಂಗಾಲ-ಆಮ್ಲಜನಕ ತುಂಬಿದ ತಟ್ಟೆಯಲ್ಲಿ ಅದು ಸಪ್ಪೆಯಾಗುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಕಬ್ಬಿಣ ಇಲ್ಲ ಅಂತ ಅಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಮುಂದೆ ಕೂತವರೇ ಹೋಳಿಗೆ ಖಾಲಿ ಮಾಡಿದರೆ ಕೊನೆಯ ಎಲೆಗೆ ಏನು ಬರುತ್ತದೆ? ಕಬ್ಬಿಣವನ್ನು ಬೆಳಗಿಸಬೇಕಾದ ಎಕ್ಸ್-ರೇಯನ್ನು ಆಮ್ಲಜನಕವೇ ಮೊದಲು ನುಂಗಿಬಿಡುತ್ತದೆ. ಹಾಗಾಗಿ ಕಬ್ಬಿಣದ ಗೆರೆ ಕಾಣಲಿಲ್ಲ ಅಂದರೆ ಆಮ್ಲಜನಕದ ಮೇಲೆ ಅನುಮಾನ.

ಇದೆಲ್ಲ ಕೇಳುವುದಕ್ಕೆ ಸಲೀಸು. ಮೋಸ ಹೋಗುವುದೂ ಅಷ್ಟೇ ಸಲೀಸು. ಕೆಲವು ಜೋಡಿಗಳಲ್ಲಿ ನಿಯಾನ್ ಆಮ್ಲಜನಕಕ್ಕಿಂತ ಅಳತೆ ಮೀರಿ ಇದೆ ಅಂತ 2001ರ ಸುಮಾರಿಗೆ ಕಂಡಿತು, ಅದರ ಮೇಲೆ ಸಂಗಾತಿ ಎಂಥದು ಅಂತ ಹೇಳಿದ್ದೂ ಆಯಿತು. ಆಮೇಲೆ ಅದೇ ನಕ್ಷತ್ರವನ್ನು ಮತ್ತೆ ನೋಡಿದರೆ ಆ ಪ್ರಮಾಣ ಬದಲಾಗಿತ್ತು. ತಿರುಳು ದಿನಕ್ಕೊಂದು ಥರ ಆಗೋದಿಲ್ಲವಲ್ಲ! ನಡುದಾರಿಯಲ್ಲಿರುವ ಅನಿಲ, ಎಕ್ಸ್-ರೇ ಬಿದ್ದು ಸ್ಥಿತಿ ಬದಲಾದ ಪರಮಾಣು, ಎಲ್ಲ ಸೇರಿ ಲೆಕ್ಕ ಕೆಡಿಸಿದ್ದವು. ಮತ್ತೆ ಅದೇ ಮಾತು: ಕಲ್ಲು ಒರೆಸಿಕೊಳ್ಳಬೇಕಿತ್ತು.

ಒಳ್ಳೆಯ ಒರೆಗಲ್ಲು ಬೇಕು ಅಂತ ಜಪಾನಿನವರು ಪಟ್ಟ ಕಷ್ಟ ಕೇಳಿದರೆ ಅಯ್ಯೋ ಅನಿಸುತ್ತದೆ. ಎಕ್ಸ್-ರೇಯ ಒಂದೇ ಒಂದು ಕಣ ಬಂದು ಬಡಿದರೂ ಎಷ್ಟು ಬಿಸಿ ಏರಿತು ಅಂತ ಅಳೆಯುವ ಉಪಕರಣ ಅದು. ಅದಕ್ಕೆ ಉಪಕರಣವನ್ನು ಪರಮ ಶೂನ್ಯದಿಂದ ಬರೀ 0.05 ಡಿಗ್ರಿ ಮೇಲೆ ಇಡಬೇಕು. ತಣ್ಣಗಿಡಲು ದ್ರವ ಹೀಲಿಯಂ. ಮತ್ತೆ ಬಂತು ನೋಡಿ ಹೀಲಿಯಂ. 2000ದಲ್ಲಿ ಹಾರಿಸಿದರು, ರಾಕೆಟ್ ಕೈಕೊಟ್ಟು ಕಕ್ಷೆಗೇ ಹೋಗಲಿಲ್ಲ. 2005ರಲ್ಲಿ ಸುಜಾಕು ಹಾರಿತು, ಕೆಲವೇ ವಾರದಲ್ಲಿ ಹೀಲಿಯಂ ಎಲ್ಲ ಆವಿಯಾಗಿ ಹೋಯಿತು. 2016ರಲ್ಲಿ ಹಿಟೋಮಿ ಹಾರಿತು, ಒಂದು ತಿಂಗಳ ಮೇಲಷ್ಟೇ ಬದುಕಿ, ಹಿಡಿತ ತಪ್ಪಿ ಗಿರಗಿರ ತಿರುಗಿ ಮುರಿದು ಬಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಕ್ರಿಸಮ್ ಹಾರಿತು. ನಾಲ್ಕನೆಯದು ಕೆಲಸ ಮಾಡುತ್ತಿದೆ. 23 ವರ್ಷ! ಮೊದಲ ಸಾರಿ ಹುರುಪಿನಲ್ಲಿ ಸೇರಿದ ಹುಡುಗರಿಗೆ ಅಷ್ಟರಲ್ಲಿ ತಲೆ ನೆರೆತಿತ್ತು.

ಅಲ್ಲೂ ಒಂದು ತೊಡಕು ಉಳಿಯಿತು. ಉಪಕರಣದ ಮುಂದಿನ ಬಾಗಿಲು ತೆರೆದುಕೊಳ್ಳಲಿಲ್ಲ. ಬಾಗಿಲಲ್ಲಿ ಬೆರಿಲಿಯಂನ ತೆಳು ಕಿಟಕಿ ಇದೆ, ಅದರ ಮೂಲಕ ನೋಡುತ್ತಿದ್ದಾರೆ. ಸುಮಾರು 1.7 ಕೆಇವಿಗಿಂತ ಕೆಳಗಿನದು ಅಲ್ಲೇ ನಿಂತುಹೋಗುತ್ತದೆ. ಕಬ್ಬಿಣದ ಗೆರೆ ಹಿಂದೆಂದೂ ಕಾಣದಷ್ಟು ಚೊಕ್ಕವಾಗಿ ಸಿಗುತ್ತಿದೆ. ಆದರೆ ನಮಗೆ ಬೇಕಾದ ಆಮ್ಲಜನಕದ ಗೆರೆ ಇರೋದು 0.65ರಲ್ಲಿ, ನಿಯಾನ್ 1.02ರಲ್ಲಿ. ಎರಡೂ ಬಾಗಿಲ ಹೊರಗೆ. ಹಾಗಾಗಿ ಪುಟಾಣಿ ಜೋಡಿಗಳ ಮಟ್ಟಿಗೆ 1999ರ ಚಂದ್ರಾ, ಅದೇ ವರ್ಷದ ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್, ಈ ಹಳೆಯ ಎತ್ತುಗಳೇ ಇವತ್ತಿಗೂ ನೇಗಿಲು ಎಳೆಯುತ್ತಿವೆ. ನನ್ನನ್ನು ಕೇಳಿದರೆ ಇವುಗಳಿಗೆ ಬದಲಿ ಬರುವುದು ತುಂಬಾ ತಡವಾಗಿದೆ.

ನಿಮ್ಮಲ್ಲಿ ಒಬ್ಬರು ಮಾತು ಶುರುವಾಗುವ ಮೊದಲು ಕೇಳಿದರು, ಇದನ್ನೆಲ್ಲ ಮಾಡಲು ಬೆಂಗಳೂರು, ಪುಣೆಗೇ ಹೋಗಬೇಕಾ ಅಂತ. ಆಸ್ಟ್ರೋಸ್ಯಾಟ್‌ನ ದತ್ತಾಂಶ 2018ರ ಸೆಪ್ಟೆಂಬರ್‌ನಿಂದ ಎಲ್ಲರಿಗೂ ತೆರೆದಿದೆ. ಚಂದ್ರಾದ್ದೂ ಸಿಗುತ್ತದೆ. ವಿಶ್ಲೇಷಣೆಯ ಸಾಫ್ಟ್‌ವೇರ್‌ಗೆ ದುಡ್ಡಿಲ್ಲ. ಒಂದು ಸಾಧಾರಣ ಲ್ಯಾಪ್‌ಟಾಪ್, ಒಂದಿಷ್ಟು ಲಿನಕ್ಸ್, ಜಾಸ್ತಿ ತಾಳ್ಮೆ. 2.2 ಕೆಇವಿ ಹತ್ತಿರ ಉಬ್ಬು ಕಂಡರೆ ಮನೆಗೆ ಫೋನ್ ಮಾಡಬೇಡಿ, ಅಷ್ಟೇ.

ಈಗ ಮೊಬೈಲ್ ತೆಗೆಯಿರಿ. ನಾನು ಶುರು ಮಾಡಿ 46 ನಿಮಿಷ ಆಯಿತು. ಆ ಜೋಡಿ ನಾಲ್ಕು ಸುತ್ತು ಮುಗಿಸಿ ಐದನೆಯದಕ್ಕೆ ಕಾಲಿಟ್ಟಿದೆ. ಒಂದು ವಿಷಯ ಬೇಕೆಂದೇ ಕೊನೆಗೆ ಇಟ್ಟಿದ್ದೆ. ಶ್ವೇತ ಕುಬ್ಜ ವಿಚಿತ್ರ ವಸ್ತು, ತೂಕ ಕಳೆದುಕೊಂಡಷ್ಟೂ ಊದುತ್ತದೆ. ಹಾಗಾಗಿ ಹೀಲಿಯಂ ಸೋರಿದ ಹಾಗೆಲ್ಲ ಇಬ್ಬರೂ ದೂರ ಸರಿಯಬೇಕು, 11 ನಿಮಿಷದ ವರ್ಷ ಉದ್ದವಾಗುತ್ತಾ ಹೋಗಬೇಕು. ಅಳತೆ ಮಾಡಿದರೆ ಉಲ್ಟಾ. ಪ್ರತಿ ವರ್ಷ ಒಂದು ಸೆಕೆಂಡಿನ ಲಕ್ಷ ಭಾಗದಲ್ಲಿ ಮೂರ್ನಾಲ್ಕು ಭಾಗದಷ್ಟು ಅದು ಚಿಕ್ಕದಾಗುತ್ತಿದೆ. ಈ ಜೋಡಿ ಇರುವುದು ಎನ್‌ಜಿಸಿ 6624 ಎಂಬ ನಕ್ಷತ್ರಗಳ ದಟ್ಟ ಗುಂಪಿನಲ್ಲಿ. ಆ ಗುಂಪಿನ ಸೆಳೆತಕ್ಕೆ ಇಡೀ ಜೋಡಿಯೇ ನಮ್ಮ ಕಡೆ ಜಗ್ಗಿಕೊಂಡು ಬರುತ್ತಿದ್ದರೆ, ಸುತ್ತು ಬೆಳೆಯುತ್ತಿದ್ದರೂ ನಮಗೆ ಕುಗ್ಗಿದ ಹಾಗೆ ಕಾಣಬಹುದು ಅಂತ ಹಲವರ ವಾದ. ಆ ಗುಂಪಿನ ನಡುವೆ ಅಷ್ಟು ಜೋರಾಗಿ ಎಳೆಯುವಂಥದ್ದು ಏನಿದೆ ಎನ್ನುವುದರ ಬಗ್ಗೆ ಜಗಳ ಇನ್ನೂ ನಡೆದಿದೆ. ಹಿಂದಿನ ಸಾಲಿನಲ್ಲಿ ಯಾರೋ ಆಗಲೇ ಕೈ ಎತ್ತಿದ್ದಾರೆ, ಹೇಳಿ.